ಸಹಾಯ ಬೇಕು: ರೇಡಿಯೇಷನ್ ಮುಗಿಸಿ ಬಂದ ಅಮ್ಮನಿಗೆ ಏನು ಊಟ ಕೊಡಲಿ? (ಹಾಸನ)

ಎಲ್ಲರಿಗೂ ನಮಸ್ಕಾರ. ನಮ್ಮದು ಬೇಲೂರು ಹತ್ತಿರದ ಹಳ್ಳಿ. ಅಮ್ಮನಿಗೆ ಗಂಟಲು ಕ್ಯಾನ್ಸರ್. ಬೆಂಗಳೂರಿನ ಕಿದ್ವಾಯಿಯಲ್ಲಿ ರೇಡಿಯೇಷನ್ ಮುಗಿಸಿ ಮನೆಗೆ ಬಂದಿದ್ದಾರೆ. ಬಾಯಿ ತುಂಬ ಹುಣ್ಣು, ಜೊಲ್ಲೇ ಬರುವುದಿಲ್ಲ, ಖಾರ-ಹುಳಿ ತಾಗಿದರೆ ಕಣ್ಣಲ್ಲಿ ನೀರು. ತೂಕ 42 ಕೆಜಿಗೆ ಇಳಿದಿದೆ.

ಒಂದು ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಎಂದಿದ್ದಾರೆ ಡಾಕ್ಟರು. ಅಂದರೆ ಅಮ್ಮನಿಗೆ 50 ಗ್ರಾಂಗೂ ಜಾಸ್ತಿ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಒಂದು ಲೋಟ ಹಾಲಲ್ಲೂ ಹೆಚ್ಚುಕಡಿಮೆ ಅಷ್ಟೇ. ಸುಮ್ನೆ ರಾಗಿ ಗಂಜಿ ಕೊಟ್ಟರೆ ಸಾಲದು ಅಲ್ವಾ? ಈಗ ಗಂಜಿಗೆ ಹಾಲು, ತುಪ್ಪ, ನುಣ್ಣಗೆ ಜರಡಿ ಹಿಡಿದ ಹುರಿಗಡಲೆ ಪುಡಿ ಬೆರೆಸಿ ಎರಡು ಗಂಟೆಗೊಮ್ಮೆ ಕೊಡುತ್ತಿದ್ದೇನೆ. ನಾಲ್ಕು ಚಮಚಕ್ಕೇ ಸಾಕು ಅನ್ನುತ್ತಾರೆ. ನೋಡಲಾಗುವುದಿಲ್ಲ.

ನೋಡಲು ಬರುವ ನೆಂಟರು ಮೊಟ್ಟೆ ನಂಜು, ಹಾಲು ಬೇಡ ಎಂದು ಹೇಳಿ ಹೋಗುತ್ತಾರೆ. ಅಮ್ಮ ಅದನ್ನೇ ನಂಬುತ್ತಾರೆ.

ಹಾಸನದಲ್ಲಿ ಕ್ಯಾನ್ಸರ್ ರೋಗಿಗಳ ಊಟದ ಬಗ್ಗೆ ಹೇಳುವ ಡಯಟೀಷಿಯನ್ ಇದ್ದಾರಾ? ಫೋನಿನಲ್ಲಿ ಮಾತಾಡಿದರೂ ಸಾಕು. ಮನೆಯಲ್ಲಿ ಇಂಥವರನ್ನು ನೋಡಿಕೊಂಡವರು, ನುಂಗಲು ಸುಲಭವಾದದ್ದು ಏನು ಮಾಡಿಕೊಟ್ಟಿರಿ ಹೇಳಿ. ಕಷಾಯ, ನಾಟಿ ಔಷಧಿ ಮಾತ್ರ ದಯವಿಟ್ಟು ಬೇಡ. ಔಷಧಿ ವಿಷಯ ಡಾಕ್ಟರನ್ನೇ ಕೇಳುತ್ತೇವೆ.