ಹಾಸನದಿಂದ ಬಿಎಫ್‌ಸಿ ಪಂದ್ಯಗಳಿಗೆ ಹೋಗಿಬಂದವರು ಅನುಭವ ಹೇಳಿ

ಹಾಸನದ ನೀಲಿ ಜರ್ಸಿ:
ನಾನು ಹಾಸನದಲ್ಲಿ ಕೆಲಸ ಮಾಡುತ್ತೇನೆ. ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ತಂಡದ ಪಂದ್ಯಗಳನ್ನು ಇಲ್ಲಿವರೆಗೂ ಮೊಬೈಲಿನಲ್ಲೇ ನೋಡಿದ್ದು. ಈ ಸಲ ಸೀಸನ್ ಟಿಕೆಟ್ ತಗೊಂಡು ಬೆಂಗಳೂರಿನ ಕಂಠೀರವ ಸ್ಟೇಡಿಯಂಗೆ ಹೋಗಿಬರೋಣ ಅಂತ ಆಸೆ. ಶನಿವಾರ ಮಧ್ಯಾಹ್ನದವರೆಗೆ ಡ್ಯೂಟಿ ಇರುತ್ತೆ. ತಂಡ ಲೀಗ್ ಗೆದ್ದ ವರ್ಷಗಳಲ್ಲಿ ಈ ಕಡೆಯಿಂದ ಹೋದವರು ಇದ್ದರೆ ಹೇಳಿ. ಖರ್ಚು ಎಷ್ಟಾಗುತ್ತೆ? ಹೋಗಿದ್ದು ಸಾರ್ಥಕ ಅನ್ನಿಸಿತಾ?

ಆಲೂರು ರೊಬಸ್ಟಾ:
ತಂಡ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆದ್ದ 2018-19ರಲ್ಲಿ ಹೋದವನು ನಾನು. ಆಗ ಐಎಸ್‌ಎಲ್ ನಡೆಯುತ್ತಿದ್ದುದೇ ನಮ್ಮ ಕಾಫಿ ಕೊಯ್ಲಿನ ಹೊತ್ತಿನಲ್ಲಿ. ಅರೇಬಿಕಾ ಮುಗಿಯೋಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತೆ. ಪಂದ್ಯದ ದಿನ ಸಂಜೆ ಹಣ್ಣಿನ ತೂಕ ನೋಡಿಕೊಳ್ಳೋಕೆ ಮೇಸ್ತ್ರಿಗೆ ಬೇರೆ 300 ಕೊಡಬೇಕಿತ್ತು. ರಾತ್ರಿ ಕಣ ಕಾಯೋಕೆ ಒಬ್ಬ, ಅವನಿಗೆ 400. ಕಾಯದಿದ್ದರೆ ಬೆಳಗ್ಗೆ ಒಂದೆರಡು ಚೀಲ ಕಡಿಮೆ. ಆಗ ಬಸ್ಸಿಗೆ ಹೋಗಿಬರೋಕೆ ಹೆಚ್ಚುಕಡಿಮೆ 400 ಆಗ್ತಿತ್ತು. ಹಾಸನದಲ್ಲಿ ಬೈಕ್ ನಿಲ್ಲಿಸೋಕೆ 20. ಯಶವಂತಪುರದಲ್ಲಿ ಇಳಿದು ಮೆಟ್ರೋ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಕಬ್ಬನ್ ಪಾರ್ಕ್. ಊಟ, ಟಿಕೆಟ್ ಬೇರೆ. ಬಟವಾಡೆಯ ದಿನವೇ ಪಂದ್ಯ ಬಿದ್ದರೆ ಹಿಂದಿನ ದಿನವೇ ದುಡ್ಡು ಹೊಂದಿಸಿ ಅಣ್ಣನ ಕೈಗೆ ಕೊಟ್ಟು ಹೊರಡಬೇಕು. ಆ ವಿಷಯಕ್ಕೆ ಮನೆಯಲ್ಲಿ ಆದ ಜಗಳ ಇನ್ನೂ ಮುಗಿದಿಲ್ಲ.

ಆದರೆ ಮಾರ್ಚ್ 11ರ ಸೆಮಿಫೈನಲ್ ನೋಡಬೇಕಿತ್ತು ನೀವು. ಸೆಮಿಫೈನಲ್ ಎರಡು ಪಂದ್ಯ, ಎರಡರ ಗೋಲೂ ಸೇರಿಸಿ ಲೆಕ್ಕ. ಮೊದಲನೆಯದನ್ನು ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ ಗುವಾಹಟಿಯಲ್ಲಿ 2-1 ಸೋತು ಬಂದಿದ್ದರು. ಇಲ್ಲಿ ಎಪ್ಪತ್ತು ನಿಮಿಷ ಆದರೂ ಗೋಲಿಲ್ಲ. ಪಕ್ಕದಲ್ಲಿದ್ದ ವಯಸ್ಸಾದವರೊಬ್ಬರು ಕೈಯಲ್ಲಿದ್ದ ಸ್ಕಾರ್ಫ್ ಹಿಂಡುತ್ತಾ ನಿಂತಿದ್ದರು. ಆಮೇಲೆ ನಮ್ಮ ಮೀಕು, ಡಿಮಾಸ್, ಕೊನೆಗೆ ಛೆಟ್ರಿ ಗೋಲು. 3-0. ಆ ಸದ್ದು ಮೊಬೈಲಿನಲ್ಲಿ ಬರಲ್ಲ.

ಹಾಸನಕ್ಕೆ ವಾಪಸ್ ಬಂದಾಗ ಇನ್ನೂ ಕತ್ತಲು. ನಮ್ಮೂರ ದಾರಿಯಲ್ಲಿ ಆನೆ ಗುಂಪು ಇದೆ ಅಂತ ಮೆಸೇಜ್ ಬಂದಿತ್ತು. ಬೆಳಕಾಗೋವರೆಗೂ ಬಸ್ ಸ್ಟ್ಯಾಂಡಿನಲ್ಲೇ ಕೂತಿದ್ದೆ. ಸಾರ್ಥಕವಾ ಅಂತ ಕೇಳಿದ್ರಲ್ಲ, ಇವತ್ತಿಗೂ ಹೋಗ್ತೀನಿ.

ಕಡೂರು ಪ್ಯಾಸೆಂಜರ್:
ಅವರು ಕೇಳಿದ್ದು ಲೀಗ್ ಗೆದ್ದ ವರ್ಷದ ಬಗ್ಗೆ. ಲೀಗ್ ಅಂದರೆ ಐಎಸ್‌ಎಲ್‌ಗೆ ಸೇರುವ ಮುಂಚೆ ನಾವು ಆಡುತ್ತಿದ್ದ ಐ-ಲೀಗ್, 2013-14 ಮತ್ತು 2015-16ರದ್ದು. ಕ್ಲಬ್ ಹುಟ್ಟಿದ ಮೊದಲ ಸೀಸನ್‌ನಲ್ಲೇ ಚಾಂಪಿಯನ್! ಆಗ ಪಂದ್ಯಗಳು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಆಟಗಾರರು ಒಬ್ಬರಿಗೊಬ್ಬರು ಕೂಗೋದು ನಮಗೆ ಕೇಳಿಸುತ್ತಿತ್ತು. ನಾನು ಚಿಕ್ಕಮಗಳೂರಿನಿಂದ ಕಡೂರಿಗೆ ಬಂದು ರೈಲು ಹಿಡಿಯುತ್ತಿದ್ದೆ.

2015ರ ಮೇ 31 ಮರೆಯೋಕಾಗಲ್ಲ. ಕಂಠೀರವದಲ್ಲಿ ಮೋಹನ್ ಬಗಾನ್ ಜೊತೆ ಕೊನೆ ಪಂದ್ಯ. ನಾವು ಗೆದ್ದರೆ ಪ್ರಶಸ್ತಿ ನಮ್ಮದು, ಡ್ರಾ ಆದರೆ ಅವರದು. ಜಾನ್ ಜಾನ್ಸನ್ ಗೋಲಿನಿಂದ ಮುಂದೆ ಇದ್ದೆವು. 87ನೇ ನಿಮಿಷಕ್ಕೆ ಅವರ ಬೆಲ್ಲೊ ರಜಾಕ್ ಹೆಡರ್ (ತಲೆಯಿಂದ ಗೋಲು), 1-1. ಇಡೀ ಸೀಸನ್ ಅಲ್ಲಿಗೆ ಮುಗೀತು. ಆ ಸಂಕಟ ನುಂಗಿಕೊಂಡಿದ್ದಕ್ಕೇ ಮುಂದಿನ ವರ್ಷ ಏಪ್ರಿಲ್ 17ಕ್ಕೆ ಸಾಲ್ಗಾಂವ್ಕರ್ ತಂಡವನ್ನು 2-0 ಹೊಡೆದು ಕಪ್ ತಗೊಂಡಾಗ ಕಣ್ಣಲ್ಲಿ ನೀರು ಬಂತು. ಇನ್ನೂ ಒಂದು ಪಂದ್ಯ ಬಾಕಿ ಇರುವಾಗಲೇ ಚಾಂಪಿಯನ್. ಅದು ಲೀಗ್ ಗೆಲ್ಲೋದು ಅಂದರೆ. ಐಎಸ್‌ಎಲ್‌ನಲ್ಲಿ ಲೀಗ್ ಮುಗಿದ ಮೇಲೆ ಪ್ಲೇಆಫ್ (ಸೆಮಿಫೈನಲ್, ಫೈನಲ್) ಆಡಿ ಒಂದು ರಾತ್ರಿಯಲ್ಲಿ ಗೆದ್ದಿದ್ದು ಲೀಗ್ ಅಲ್ಲ.

ಆಲೂರು ರೊಬಸ್ಟಾ:
ಒಂದು ರಾತ್ರಿಯಾ? 2018-19ರಲ್ಲಿ ಟೇಬಲ್ ಮೇಲೂ ನಾವೇ ಮೊದಲು. ಎಫ್‌ಸಿ ಗೋವಾಕ್ಕೂ ನಮಗೂ ತಲಾ 34 ಪಾಯಿಂಟ್. ಲೀಗ್‌ನಲ್ಲಿ ಎರಡು ಸಲವೂ ಅವರನ್ನು ಸೋಲಿಸಿದ್ದಕ್ಕೆ ನಾವು ಮೇಲೆ. ಫೈನಲ್‌ನಲ್ಲೂ ಅವರನ್ನೇ ಸೋಲಿಸಿದ್ದು. ಗೊತ್ತಿಲ್ಲದೆ ಮಾತಾಡಬೇಡಿ.

ಕಡೂರು ಪ್ಯಾಸೆಂಜರ್:
ಗೊತ್ತಿದ್ದೇ ಮಾತಾಡ್ತಿರೋದು. 2017-18ರಲ್ಲಿ 18 ಪಂದ್ಯಕ್ಕೆ 40 ಪಾಯಿಂಟ್ ಮಾಡಿ, ಎರಡನೇ ತಂಡಕ್ಕಿಂತ 8 ಪಾಯಿಂಟ್ ಮುಂದೆ ಇದ್ದೆವು. ಸಿಕ್ಕಿದ್ದೇನು? ಟೇಬಲ್ ಟಾಪ್ ಬಂದವರಿಗೆ ಶೀಲ್ಡ್ ಶುರುವಾಗಿದ್ದೇ 2019-20ರಲ್ಲಿ. ಅಷ್ಟು ತಿಂಗಳು ಆಡಿ ಸಂಪಾದಿಸಿದ್ದನ್ನು ಫೈನಲ್‌ನಲ್ಲಿ ಚೆನ್ನೈಯಿನ್ ತಂಡದವರು ನಮ್ಮ ಮೈದಾನಕ್ಕೇ ಬಂದು 3-2 ಗೆದ್ದು ಎತ್ಕೊಂಡು ಹೋದರು. ಸೀಸನ್ ಪೂರ್ತಿ ರೈಲು ಹತ್ತಿದವರಿಗೆ ಹೊಟ್ಟೆ ಉರಿಯಲ್ವಾ? ಟಿವಿ ಮುಂದೆ ಕೂತವರಿಗೆ ಇದು ಅರ್ಥವಾಗಲ್ಲ.

ಬೇಲೂರು ಗೋಲಿ:
ಟಿವಿ ಮುಂದೆ ಕೂತವರು ಅಂತ ಯಾಕೆ ಹೀಗೆ ಹಗುರವಾಗಿ ಮಾತಾಡ್ತೀರಿ? ನನ್ನ ಅಮ್ಮ ಹಾಸಿಗೆ ಹಿಡಿದಿದ್ದರು. ರಾತ್ರಿ ಮನೆ ಬಿಟ್ಟು ಹೋಗೋ ಹಾಗಿರಲಿಲ್ಲ. ಒಂದು ಪಂದ್ಯವೂ ತಪ್ಪಬಾರದು ಅಂತ ಇನ್ವರ್ಟರ್ ಹಾಕಿಸಿದೆ.    

2019ರ ಮಾರ್ಚ್ 17, ಮುಂಬೈಯಲ್ಲಿ ಫೈನಲ್. ಹೆಚ್ಚುವರಿ ಸಮಯಕ್ಕೆ ಹೋಯ್ತು. ಅಷ್ಟರಲ್ಲಿ ಕರೆಂಟ್ ಹೋಯ್ತು. ಇಡೀ ಬೀದಿ ಕತ್ತಲು, ನಮ್ಮನೆ ಟಿವಿ ಒಂದೇ ನಡೀತಿತ್ತು. ಪಕ್ಕದ ಮನೆ ಮಕ್ಕಳೆಲ್ಲ ಓಡಿ ಬಂದರು. 117ನೇ ನಿಮಿಷ, ಡಿಮಾಸ್ ಕಾರ್ನರ್, ರಾಹುಲ್ ಭೆಕೆ ಹೆಡರ್. ಅಮ್ಮ ಒಳಗಿನಿಂದ "ಏನಾಯ್ತೋ?" ಅಂತ ಕೂಗಿದರು. ಗೆದ್ವಿ ಅಮ್ಮ ಅಂದೆ. ನಾನು ಅಭಿಮಾನಿ ಅಲ್ವಾ?

ಕಡೂರು ಪ್ಯಾಸೆಂಜರ್:
ಅಮ್ಮನ ವಿಷಯ ನನಗೆ ಗೊತ್ತಿರಲಿಲ್ಲ. ನಿಮಗೆ ಹೇಳಿದ್ದಲ್ಲ. ಆದರೆ ಪ್ಲೇಆಫ್ ವಿಷಯದಲ್ಲಿ ನನ್ನ ಮಾತು ಬದಲಾಗಲ್ಲ.

ಹಾಸನದ ನೀಲಿ ಜರ್ಸಿ:
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಮಧ್ಯಾಹ್ನ ಹೊರಟರೆ ಸಮಯಕ್ಕೆ ತಲುಪ್ತೀನಾ? ಸೀಸನ್ ಟಿಕೆಟ್ ತಗೊಳ್ಳಲಾ, ಬಿಡಿ ಟಿಕೆಟ್ ಸಾಕಾ?

ಕಡೂರು ಪ್ಯಾಸೆಂಜರ್:
ರೈಲು ನೋಡಿ. ಕುಣಿಗಲ್ ಮೇಲೆ ಲೈನ್ ಆದಮೇಲೆ ಹಾಸನದವರಿಗೆ ಸುಖ. ನಮ್ಮ ಹಾಗೆ ಸುತ್ತಬೇಕಿಲ್ಲ.

ಆಲೂರು ರೊಬಸ್ಟಾ:
ರೈಲು ನಂಬಬೇಡಿ. ಪಂದ್ಯ ಮುಗಿಯೋದು ರಾತ್ರಿ. ಹೆಚ್ಚುವರಿ ಸಮಯಕ್ಕೆ ಹೋದರೆ ರೈಲಿನ ಟೈಮ್ ನೋಡ್ಕೊಂಡು ಮಧ್ಯದಲ್ಲೇ ಎದ್ದು ಬರ್ತೀರಾ? ಬಸ್ಸಾದರೆ ಒಂದು ತಪ್ಪಿದರೆ ಇನ್ನೊಂದು.

ಕಡೂರು ಪ್ಯಾಸೆಂಜರ್:
ಲೀಗ್ ಪಂದ್ಯಕ್ಕೆ ಎಲ್ಲಿಯ ಹೆಚ್ಚುವರಿ ಸಮಯ? ನೋಡಿ, ಮತ್ತೆ ಪ್ಲೇಆಫ್‌ಗೇ ಬಂದ್ರಿ.

ಆಲೂರು ರೊಬಸ್ಟಾ:
ಬರ್ತೀನಿ. 2018ರ ಫೈನಲ್‌ನಲ್ಲಿ ಚೆನ್ನೈಯಿನ್‌ನ ಮೈಲ್ಸನ್ ಎರಡು ಕಾರ್ನರ್‌ಗೆ ಎರಡು ಹೆಡರ್ ಹಾಕಿದ್ದನ್ನು ನಮ್ಮ ಹುಡುಗರು ಮರೆಯಲಿಲ್ಲ. ಮುಂದಿನ ವರ್ಷ ಕಾರ್ನರ್‌ನಿಂದಲೇ ಕಪ್ ಗೆದ್ದರು. ಅದಕ್ಕೂ ಒಂದು ಇಡೀ ಸೀಸನ್ ಬೇಕಾಯ್ತು, ಸರ್.

ನೀಲಿ ಜರ್ಸಿಯವರೇ, ವೆಸ್ಟ್ ಬ್ಲಾಕ್ ಗ್ಯಾಲರಿಗೇ ಟಿಕೆಟ್ ತಗೊಳ್ಳಿ. ಅಲ್ಲಿ ಪೂರ್ತಿ 90 ನಿಮಿಷ ನಿಂತೇ ಹಾಡೋದು. ಡ್ಯೂಟಿ ಮುಗಿಸಿ ಊಟ ಕಟ್ಟಿಸ್ಕೊಂಡು ಸೀದಾ ಬಸ್ ಹತ್ತಿ. ನೆಲಮಂಗಲದಿಂದ ಈಚೆ ಶನಿವಾರ ಸಂಜೆ ಟ್ರಾಫಿಕ್ ಜಾಸ್ತಿ, ಒಂದು ಗಂಟೆ ಕೈಯಲ್ಲಿ ಇಟ್ಕೊಳ್ಳಿ.