ನಾರಿನ ಹಗ್ಗ ಬೇಡ, ನೈಲಾನ್ ತಗೊಂಡ್ ಬಾ

ದೇವರಾಯನದುರ್ಗ ಹತ್ತುವಾಗ ನನ್ನ ಹಳೇ ಮಾರುತಿ ಜೆನ್ ಕಾರು ಕೆಮ್ಮಿತು. ಬಾನೆಟ್ ಒಳಗಿಂದ 'ಪಟ್' ಅಂತ ಸದ್ದು. ನಿಧಾನಕ್ಕೆ ಹೋದರೆ ಸಂಪನ್ನ ಹಸು. ಇಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು (ಆರ್‌ಪಿಎಂ) ದಾಟಿಸಿದರೆ ಸಾಕು, ಯಾರೋ ಬಾಲ ಹಿಡಿದು ಹಿಂದಕ್ಕೆ ಎಳೆದ ಹಾಗೆ.

ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದೆ ಪಂಚಾಯ್ತಿ ಸೇರಿತು. ಸೀನ, ತಿಪಟೂರಿನ ಗುಂಡ, ಗಣಿತದ ಮೇಷ್ಟ್ರು, ಮತ್ತೆ ಆರ್‌ಟಿಒ ಆಫೀಸಿನ ಎದುರು ಫಾರಂ ತುಂಬಿಕೊಡುವ ಲೋಕಿ.

"ದೃಷ್ಟಿ ಆಗಿದೆ ಕಣೋ," ಅಂದ ಸೀನ. "ನಿಂಬೆಹಣ್ಣು ಕಟ್ಟು."

"ಪೆಟ್ರೋಲಲ್ಲಿ ನೀರು," ಅಂದ ಗುಂಡ. ಅವನಿಗೆ ಹಾಲಿನ ಡೈರಿ ಇದೆ. ಎಲ್ಲದರಲ್ಲೂ ನೀರೇ ಕಾಣುತ್ತದೆ.

"ಪ್ಲಗ್ ಬದಲಾಯಿಸಿದ್ಯಾ?" ಮೇಷ್ಟ್ರು ಕೇಳಿದರು.

ಪ್ಲಗ್, ಪ್ಲಗ್ ವೈರು, ಡಿಸ್ಟ್ರಿಬ್ಯೂಟರ್ ಕ್ಯಾಪು ಎಲ್ಲಾ ಹೊಸದು. ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ ತೊಳೆಸಿದ್ದೆ. ದುಡ್ಡು ಹೋಯಿತು, ಕೆಮ್ಮು ಹೋಗಲಿಲ್ಲ.

"ಇಂಜಿನ್‌ಗೆ ಬೇರೆ ಏನಾದ್ರೂ ಮಾಡ್ಸಿದ್ಯಾ?" ಲೋಕಿ ಕೇಳಿದ. ನಾನು ಚಟ್ನಿ ಕಡೆ ನೋಡಿದೆ.

ಮಾಡಿಸಿದ್ದೆ. ಬೆಂಗಳೂರಿನಿಂದ ಒಂದು ಕ್ಯಾಮ್ ತಂದು ಹಾಕಿಸಿದ್ದೆ. ಇಂಜಿನ್ ಒಳಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ಬಾಗಿಲುಗಳೇ ವಾಲ್ವ್; ಅವನ್ನು ಒತ್ತಿ ತೆರೆಯುವ ಉಬ್ಬುಗಳ ದಂಡ ಕ್ಯಾಮ್. ಕಂಪನಿ ಕ್ಯಾಮ್‌ಗಿಂತ ಇದು ವಾಲ್ವ್‌ಗಳನ್ನು ಜಾಸ್ತಿ ಎತ್ತುತ್ತದೆ, ಜಾಸ್ತಿ ಹೊತ್ತು ತೆರೆದಿಡುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಗಾಳಿ ಚೆನ್ನಾಗಿ ಎಳೆದುಕೊಂಡು ಗಾಡಿ ಹಾರುತ್ತದೆ. ಎರಡು ತಿಂಗಳು ಹಾರಿತ್ತು ಕೂಡ.

ಇಡ್ಲಿ ಮುಗಿಸಿ ಎಲ್ಲರೂ ಗುಬ್ಬಿ ಗೇಟ್ ಹತ್ತಿರ ಬಾಷಾ ಭಾಯ್ ಶೆಡ್ಡಿಗೆ ಹೋದೆವು. ಭಾಯ್ ಮಾತು ಕಡಿಮೆ. ಇಂಜಿನ್ ಸ್ಟಾರ್ಟ್ ಮಾಡಿಸಿ, ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ವಾಲ್ವ್‌ಗಳ ಮೇಲೆ ಮುಚ್ಚಿರುವ ಟ್ಯಾಪೆಟ್ ಕವರ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡರು. ಡಾಕ್ಟರು ಎದೆ ನೋಡುವ ಹಾಗೆ. ನಾವು ಮನೆಯವರ ಹಾಗೆ ಮುಖ ಸಣ್ಣ ಮಾಡಿಕೊಂಡು ನಿಂತೆವು.

"ಟಕ್ ಟಕ್ ಬರ್ತಿದೆ. ಟ್ಯಾಪೆಟ್ ಸದ್ದಲ್ಲ ಇದು."

ಮೊದಲು ಸ್ಟಾರ್ಟರ್‌ನಲ್ಲಿ ಇಂಜಿನ್ ತಿರುಗಿಸಿ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ನೋಡಿದರು. ನಾಲ್ಕೂ ಸಿಲಿಂಡರ್ ಹೆಚ್ಚೂಕಡಿಮೆ ಒಂದೇ. ನಾನು ಖುಷಿಯಿಂದ "ಹಾಗಾದ್ರೆ ವಾಲ್ವ್ ಸರಿಯಿದೆ ಅಲ್ವಾ ಭಾಯ್?" ಅಂದೆ.

"ಸ್ಟಾರ್ಟರ್ ಎಷ್ಟು ಜೋರಾಗಿ ತಿರುಗಿಸತ್ತೆ ಸಾರ್? ನಿಮಿಷಕ್ಕೆ ಇನ್ನೂರೋ ಮುನ್ನೂರೋ ಸುತ್ತು. ಅಷ್ಟು ನಿಧಾನಕ್ಕೆ ಮುರಿದ ಸ್ಪ್ರಿಂಗೂ ವಾಲ್ವ್ ಮುಚ್ಚತ್ತೆ. ಓಡಿಸೋಕೆ ಹೇಳಿದ್ರೆ ತಾನೇ ಕುಂಟೋದು."

ಮೇಷ್ಟ್ರಿಗೆ ಇದು ಬಹಳ ಹಿಡಿಸಿತು. ಪಕ್ಕದಲ್ಲಿ ಬಿದ್ದಿದ್ದ ರಟ್ಟಿನ ಮೇಲೆ ಲೆಕ್ಕ ಶುರು. "ಇಂಜಿನ್ ಎರಡು ಸುತ್ತು ಸುತ್ತಿದ್ರೆ ಕ್ಯಾಮ್ ಒಂದು ಸುತ್ತು. ಇವನು ಏಳು ಸಾವಿರ ತಿರುಗಿಸ್ತಾನೆ. ಅಂದ್ರೆ ಒಂದೊಂದು ವಾಲ್ವ್ ನಿಮಿಷಕ್ಕೆ 3,500 ಸಲ, ಸೆಕೆಂಡಿಗೆ 58 ಸಲ ತೆರೆದು ಮುಚ್ಚಬೇಕು. ತೆರೆಯೋದು ಕ್ಯಾಮ್, ಮುಚ್ಚೋದು ಬರೀ ಸ್ಪ್ರಿಂಗು!"

"ಮೇಷ್ಟ್ರೇ, ನನ್ನ ಅಂಗಡಿ ಶಟರ್‌ಗೂ ಸ್ಪ್ರಿಂಗ್ ಇದೆ. ದಿನಕ್ಕೆ ಎರಡೇ ಸಲ. ಅದೂ ಹೋಯ್ತು," ಅಂದ ಸೀನ.

ಭಾಯ್ ಮುಂದುವರಿಸಿದರು. ಒಳಗೆ ಗಾಳಿ ಬಿಡುವ ವಾಲ್ವ್ ಹೊತ್ತಿಗೆ ಸರಿಯಾಗಿ ಮುಚ್ಚದಿದ್ದರೆ ಬೆಂಕಿ ಕಾರ್ಬ್ಯುರೇಟರ್ ಕಡೆ ಹಿಂದಕ್ಕೆ ಒದೆಯುತ್ತದೆ. ಅದೇ ಆ 'ಪಟ್'. ಹೊಗೆ ಬಿಡುವ ವಾಲ್ವ್ ಆಗಿದ್ದರೆ ಸದ್ದು ಸೈಲೆನ್ಸರಿನಲ್ಲಿ ಬರುತ್ತಿತ್ತಂತೆ. ಆಮೇಲೆ ಇಂಜಿನ್ ಗಾಳಿ ಎಳೆದುಕೊಳ್ಳುವ ಬಲ ತೋರಿಸುವ ವ್ಯಾಕ್ಯೂಮ್ ಗೇಜ್ ಸಿಕ್ಕಿಸಿದರು. ಐಡಲಿಂಗ್‌ನಲ್ಲಿ ಮುಳ್ಳು ಸುಮ್ನೆ ನಿಂತಿತ್ತು. ಆಕ್ಸಿಲರೇಟರ್ ಕೊಟ್ಟಷ್ಟೂ ಚಳಿಜ್ವರ ಬಂದ ಹಾಗೆ ನಡುಗಿತು.

ಕವರ್ ಬಿಚ್ಚಿ ನೋಡಿದರೆ ಎಂಟೂ ಸ್ಪ್ರಿಂಗು ಗಟ್ಟಿಮುಟ್ಟಾಗಿ ನಿಂತಿವೆ! ಗುಂಡ "ನೀರು ಅಂತ ಹೇಳ್ಲಿಲ್ವಾ?" ಅಂದ. ಭಾಯ್ ಅವನ ಕಡೆ ನೋಡಲೂ ಇಲ್ಲ. ಟಾರ್ಚ್ ಬಿಟ್ಟುಕೊಂಡು, ಪಾನಾ ಹಾಕಿ ಇಂಜಿನ್ನನ್ನು ಕೈಯಲ್ಲೇ ತಿರುಗಿಸುತ್ತಾ ಒಂದೊಂದೇ ಸ್ಪ್ರಿಂಗ್ ನೋಡಿದರು. ಮೂರನೇ ಸಿಲಿಂಡರಿನದು ಅಮುಕಿದಾಗ ಪಕ್ಕಕ್ಕೆ ವಾಲಿತು. ಮಧ್ಯದಲ್ಲಿ ಕೂದಲಷ್ಟು ತೆಳ್ಳಗೆ ಹೊಳೆಯುವ ಗೀಟು. ಎರಡು ತುಂಡಾಗಿದೆ, ಆದರೆ ಒಂದರೊಳಗೊಂದು ಸುತ್ತಿಕೊಂಡು ಏನೂ ಆಗಿಲ್ಲ ಅನ್ನೋ ಹಾಗೆ ನಿಂತಿದೆ. ಕೆಲವು ಅವಿಭಕ್ತ ಕುಟುಂಬಗಳೂ ಹೀಗೇ ಇರುತ್ತವೆ, ಹೊರಗಿನವರಿಗೆ ಗೊತ್ತೇ ಆಗೋದಿಲ್ಲ.

"ಕ್ಯಾಮ್ ಹಾಕಿದಾಗ ಸ್ಪ್ರಿಂಗ್ ಬದಲಾಯಿಸಿದ್ರಾ?"

"ಇಲ್ಲ ಭಾಯ್. ಹಳೇದೇ ಚೆನ್ನಾಗಿತ್ತು..."

"ಎತ್ತರದ ಅಳಿಯ ತಂದ್ರಿ, ಮಂಚ ಹಳೇದೇ ಬಿಟ್ರಿ."

ಜಾಸ್ತಿ ಎತ್ತಿದರೆ ಸ್ಪ್ರಿಂಗ್ ಜಾಸ್ತಿ ಅಮುಕುತ್ತದೆ. ಕೊನೆಗೆ ಸುತ್ತುಗಳು ಒಂದಕ್ಕೊಂದು ತಾಗಿ, ಇನ್ನು ಅಮುಕಲು ಜಾಗವೇ ಇಲ್ಲದಾಗ ಅದು ಸ್ಪ್ರಿಂಗ್ ಅಲ್ಲ, ಕಬ್ಬಿಣದ ಕೊಳವೆ. ವಾಲ್ವ್ ಪೂರ್ತಿ ತೆರೆದಾಗಲೂ ಸುತ್ತುಗಳ ನಡುವೆ ಎಲ್ಲಾ ಸೇರಿ ಒಂದೂವರೆ ಮಿಲಿಮೀಟರ್ ಆದರೂ ಜಾಗ ಉಳಿಯಬೇಕಂತೆ. ಭಾಯ್ ಸಂದಿ ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ತೂರಿಸಲು ನೋಡಿದರು. ನನ್ನ ಗಾಡಿಯಲ್ಲಿ ಅತಿ ತೆಳ್ಳನೆಯದೂ ತೂರಲಿಲ್ಲ. "ಹಿಂಗೇ ಓಡಿಸಿದ್ದಿದ್ರೆ ಸ್ಪ್ರಿಂಗನ್ನ ವಾಲ್ವ್‌ಗೆ ಹಿಡಿದಿಡೋ ಲಾಕ್ ಕಳಚಿ ವಾಲ್ವ್ ಒಳಗೆ ಬೀಳ್ತಿತ್ತು. ಪಿಸ್ಟನ್, ಹೆಡ್ಡು ಎಲ್ಲಾ ಗುಜರಿಗೆ." ಎಂಟೂ ಬದಲಾಯಿಸಬೇಕು, ಈ ಕ್ಯಾಮ್‌ಗೆ ಹೊಂದುವಂಥದ್ದೇ ತರಬೇಕು ಅಂತ ತೀರ್ಪಾಯಿತು.

ಸ್ಪ್ರಿಂಗ್ ಬರಲು ಒಂದು ವಾರ. ಮುಂದಿನ ಭಾನುವಾರ ಮತ್ತೆ ಅದೇ ಇಡ್ಲಿ, ಅದೇ ಶೆಡ್ಡು.

ಹೆಡ್ ಇಳಿಸದೆ ಸ್ಪ್ರಿಂಗ್ ತೆಗೆದರೆ ವಾಲ್ವ್ ಸಿಲಿಂಡರ್ ಒಳಗೆ ಜಾರುತ್ತದೆ. ಅದಕ್ಕೆ ಪ್ಲಗ್ ತೂತಿನಿಂದ ಒಳಗೆ ಹಗ್ಗ ತುಂಬಿ, ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ ಮೇಲಕ್ಕೆ ತರುತ್ತಾರೆ. ಹಗ್ಗ ಮೆತ್ತೆಯ ಹಾಗೆ ವಾಲ್ವ್‌ಗಳನ್ನು ಕೆಳಗಿನಿಂದ ಒತ್ತಿ ಹಿಡಿಯುತ್ತದೆ. ಹಗ್ಗ ಅಂದ ಕೂಡಲೇ ಗುಂಡ ಎದ್ದು ನಿಂತ. "ನಮ್ ತೋಟದ ನಾರಿನ ಹಗ್ಗ ಇದೆ, ಆನೆ ಕಟ್ಟಬಹುದು!"

"ನಾರು ಒಳಗೆ ಉದುರತ್ತೆ. ನೈಲಾನ್ ತಗೊಂಡ್ ಬಾ."

ಇಡೀ ತಿಪಟೂರಿಗೇ ಅವಮಾನ ಆದ ಹಾಗೆ ಗುಂಡ ಮುಖ ಊದಿಸಿಕೊಂಡು ಹೋಗಿ ನೈಲಾನ್ ತಂದ.

ಐದನೇ ವಾಲ್ವಿಗೆ ಬಂದಾಗ ಲಾಕ್ 'ಟಿಂಗ್' ಅಂತ ಹಾರಿತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಐದು ಜನ ಮೊಣಕಾಲೂರಿ ಅಯಸ್ಕಾಂತ ಎಳೆದೆವು. ಸಿಕ್ಕಿದ್ದು ನಾಲ್ಕು ನಟ್ಟು, ಒಂದು ಹತ್ತನೇ ನಂಬರ್ ಪಾನಾ, ಎರಡು ಒಂದು ರೂಪಾಯಿ ನಾಣ್ಯ. ನಾಣ್ಯ ನಂದು ಅಂತ ಸೀನನೂ ಗುಂಡನೂ ಕಿತ್ತಾಡಿದರು. ಅರ್ಧ ಗಂಟೆ ಆದ ಮೇಲೆ ಭಾಯ್ ತಮ್ಮ ತೋಳಿನ ಗ್ರೀಸ್ ಒರೆಸಿಕೊಂಡು "ಇಲ್ಲೇ ಇದೆ" ಅಂದರು.

ಸಂಜೆ ಐದೂ ಜನ ತುಂಬಿಕೊಂಡು ದೇವರಾಯನದುರ್ಗ ಹತ್ತಿದೆವು. ಸೆಕೆಂಡ್ ಗೇರಿನಲ್ಲಿ ಆರು ಸಾವಿರ ದಾಟಿತು. ಕೆಮ್ಮಿಲ್ಲ, ಪಟ್ ಇಲ್ಲ. ಹಿಂದಿನ ಸೀಟಿನಲ್ಲಿ ಲೋಕಿ ಮಾತ್ರ ಬೆರಳು ಎಣಿಸುತ್ತಿದ್ದ.

"ಏನೋ ಅದು?"

"ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ, ಬಿಡದೇ ಇರೋ ಮಾರ್ಪಾಡು ಮಾಡಿದ್ರೆ ಓನರ್‌ಗೆ ಒಂದೊಂದಕ್ಕೂ ಐದು ಸಾವಿರ ದಂಡ. ಕ್ಯಾಮ್ ಒಂದು. ಸೈಲೆನ್ಸರ್ ಒಂದು. ಈಗ ಸ್ಪ್ರಿಂಗು... ಅದನ್ನ ಒಂದು ಅಂತ ಹಿಡೀಬೇಕಾ, ಎಂಟು ಅಂತ ಹಿಡೀಬೇಕಾ?"

"ಎಂಟು," ಅಂದರು ಮೇಷ್ಟ್ರು. "ಒಟ್ಟು ಐವತ್ತು ಸಾವಿರ."

"ಹಳೇದು ಎರಡು ತುಂಡಾಗಿತ್ತಲ್ಲ," ಅಂದ ಗುಂಡ. "ಅದನ್ನ ಒಂಬತ್ತು ಅಂತ ಹಿಡಿದ್ರೆ?"

ತಿರುವಿನಲ್ಲಿ ನಾನು ನಿಧಾನ ಮಾಡಿದೆ.