ಪೆನ್ ಗೆರೆ ಮೇಲೆ ಬಣ್ಣ ಹಚ್ಚಿದ್ರೆ ಕಲಸಿಹೋಗುತ್ತೆ, ಹಾಳೆ ಉಬ್ಬುತ್ತೆ. ಏನು ಮಾಡೋದು?

ಗೀಚುಗಾರ

ಎಲ್ಲರಿಗೂ ನಮಸ್ಕಾರ. ಚಿತ್ರ ದಿನಚರಿ ಶುರು ಮಾಡಿದೀನಿ. ಎ5 ಅಳತೆಯ ಡಾಟ್ ನೋಟ್‌ಬುಕ್, 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗೋ) ಹಾಳೆ, ನೀರಿನಂಥ ಮಸಿ ಇರೋ ರೋಲರ್ ಪೆನ್, ಕೇಕ್ ಜಲವರ್ಣ. ಕುಂಚ ತಾಗಿದ ಕೂಡಲೇ ಕಪ್ಪು ಗೆರೆ ಕರಗಿ ಹಳದಿಯೆಲ್ಲ ಕೊಳಕು ಹಸಿರಾಗುತ್ತೆ. ಹಾಳೆ ಅಲೆ ಅಲೆಯಾಗಿ ಏಳುತ್ತೆ, ಹಿಂಬದಿಗೂ ಇಳಿಯುತ್ತೆ. ಇನ್ನೊಂದು: ನೋಟ್‌ಬುಕ್ಕಿನ ಚುಕ್ಕಿಗಳನ್ನೇ ಬಳಸಿ 7ರಿಂದ 4ರ ಸಂದು ಚುಕ್ಕಿ ರಂಗೋಲಿ ಹಾಕಿದ್ರೆ ಮೇಲಿಂದ ಒತ್ತಿದ ಹಾಗೆ ಚಪ್ಪಟೆ ಬರುತ್ತೆ. ಜಾಸ್ತಿ ದುಡ್ಡು ಸುರಿಯದೆ ಸರಿ ಮಾಡ್ಕೊಳ್ಳೋಕೆ ಆಗುತ್ತಾ?

ಮಸಿಕುಡಿಕೆ

ಮಸಿ ವಿಷಯ ಮಾತ್ರ ಹೇಳ್ತೀನಿ, ಹಾಳೆಗೆ ಬೇರೆಯವರು ಬರ್ತಾರೆ.

ನಿಮ್ಮ ರೋಲರ್ ಪೆನ್ನಿನಲ್ಲಿರೋದು ಡೈ ಮಸಿ. ಅದರ ಬಣ್ಣ ನೀರಿನಲ್ಲಿ ಪೂರ್ತಿ ಕರಗಿರುತ್ತೆ, ಒಣಗಿದ ಮೇಲೂ ಮತ್ತೆ ನೀರು ಸಿಕ್ಕರೆ ಎದ್ದು ಬರುತ್ತೆ. ಒಂದು ವಾರ ಬಿಟ್ಟು ಬಣ್ಣ ಹಚ್ಚಿದ್ರೂ ಅಷ್ಟೇ. ಬೇಕಾಗಿರೋದು ಪಿಗ್ಮೆಂಟ್ ಮಸಿ. ಅದರಲ್ಲಿ ಬಣ್ಣ ಸಣ್ಣ ಕಣಗಳಾಗಿರುತ್ತೆ, ನೀರು ಆರಿದ ಮೇಲೆ ನಾರಿಗೆ ಕಚ್ಚಿಕೊಳ್ಳುತ್ತೆ. ಸಕುರಾ ಪಿಗ್ಮಾ ಮೈಕ್ರಾನ್ ಥರದ ಫೈನ್‌ಲೈನರ್, ಅಂದ್ರೆ ಸಣ್ಣ ತುದಿಯ ಗೆರೆ ಪೆನ್, ಸಾಕು. ಇದರ ನಂಬರ್ ನೋಡಿ ಮೋಸ ಹೋಗ್ಬೇಡಿ: 05 ಅಂದ್ರೆ 0.5 ಅಲ್ಲ, ಗೆರೆ 0.45 ಮಿ.ಮೀ. 03 ಅಂದ್ರೆ 0.35, 01 ಅಂದ್ರೆ 0.25. ಎ5 ಪುಟಕ್ಕೆ ಹೊರಗೆರೆಗೆ 03, ನೆರಳಿನ ಗೀಟುಗಳಿಗೆ 01, ಎರಡೇ ಪೆನ್ ತಗೊಳ್ಳಿ. ಒತ್ತಿ ಬರೆದ್ರೆ ತುದಿ ಒಳಗೆ ಕುಸಿಯುತ್ತೆ, ಆಮೇಲೆ ಲೋಹದ ಕೊಳವೆ ಹಾಳೆ ಕೆರೆಯುತ್ತೆ. ಪೆನ್ ಆದಷ್ಟು ನೇರ ಹಿಡೀರಿ.

ಅದೂ ಬೇಡ ಅಂದ್ರೆ ಐದು ರೂಪಾಯಿ ಬಾಲ್‌ಪೆನ್. ನಗಬೇಡಿ, ಎಣ್ಣೆ ಆಧಾರದ ಮಸಿ, ನೀರಿಗೆ ಹೆಚ್ಚುಕಮ್ಮಿ ಜಗ್ಗಲ್ಲ. ಒತ್ತಡ ಕಮ್ಮಿ ಜಾಸ್ತಿ ಮಾಡಿ ಬೂದು ಛಾಯೆಗಳನ್ನೂ ತೆಗೀಬಹುದು, ಫೈನ್‌ಲೈನರ್‌ನಲ್ಲಿ ಅದು ಆಗಲ್ಲ. ತುದಿಯಲ್ಲಿ ಮಸಿ ಗಂಟು ಕಟ್ಟುತ್ತೆ, ಆಗಾಗ ಬಟ್ಟೆಗೆ ಒರೆಸ್ತಾ ಇರಿ.

ಒಂದು ಎಚ್ಚರಿಕೆ: ‘ವಾಟರ್‌ಪ್ರೂಫ್’ ಅಂತ ಬರೆದಿರೋ ಇಂಡಿಯನ್ ಇಂಕ್ ತಂದು ಫೌಂಟನ್ ಪೆನ್ನಿಗೆ ತುಂಬ್ಬೇಡಿ. ಅದರಲ್ಲಿ ಸಾಮಾನ್ಯವಾಗಿ ಅರಗು ಇರುತ್ತೆ, ಒಳಗೆ ಒಣಗಿದ್ರೆ ಪೆನ್ ಕಥೆ ಮುಗೀತು. ಅದು ಅದ್ದಿ ಬರೆಯೋ ನಿಬ್ಬಿಗೆ ಮಾತ್ರ.

ಯಾವ ಪೆನ್ ತಂದ್ರೂ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ನಾಲ್ಕು ಗೆರೆ ಎಳೆದು, ಹತ್ತು ನಿಮಿಷ ಬಿಟ್ಟು ಅರ್ಧಕ್ಕೆ ಒದ್ದೆ ಕುಂಚ ಆಡಿಸಿ. ಉಳಿದರ್ಧಕ್ಕೆ ಮಾರನೇ ದಿನ. ಮಳೆಗಾಲದಲ್ಲಿ ಈ ಎರಡರ ನಡುವೆ ಒಳ್ಳೆ ವ್ಯತ್ಯಾಸ ಕಾಣುತ್ತೆ.

ಹಾಳೆಹುಳು

80 ಜಿಎಸ್‌ಎಂ ಬರವಣಿಗೆಗೆ ಇರುವ ಹಾಳೆ. ನೀರು ಬಿದ್ದ ಕಡೆ ನಾರು ಉಬ್ಬುತ್ತದೆ, ಸುತ್ತಲಿನ ಒಣ ಭಾಗ ಜಾಗ ಕೊಡುವುದಿಲ್ಲ, ಹಾಗಾಗಿ ಮೇಲಕ್ಕೆ ಏಳುತ್ತದೆ. ಗೆರೆಯ ಜತೆ ತೆಳು ಬಣ್ಣಕ್ಕೆ 200 ಜಿಎಸ್‌ಎಂ ಸಾಕು, ಧಾರಾಳವಾಗಿ ನೀರು ಬಳಸುವವರಿಗೆ 300. ಜಿಎಸ್‌ಎಂ ಒಂದನ್ನೇ ನೋಡಿ ಕೊಳ್ಳಬೇಡಿ. ಸೈಜಿಂಗ್, ಅಂದರೆ ನೀರು ಥಟ್ಟನೆ ಒಳಗಿಳಿಯದಂತೆ ಹಾಕುವ ಅಂಟು, ಇಲ್ಲದಿದ್ದರೆ ದಪ್ಪ ಹಾಳೆಯಲ್ಲೂ ಮಸಿ ಕವಲೊಡೆಯುತ್ತದೆ. ಅಲಂಕಾರಕ್ಕೆಂದು ಮಾರುವ ಎಷ್ಟೋ ಕೈಕಾಗದಗಳ ಗತಿ ಇದೇ. ಚಿತ್ರಕ್ಕೆಂದೇ ಮಾಡಿದ ಹತ್ತಿಯ ಕೈಕಾಗದ ಬೇರೆ. ನಮ್ಮ ಹುಬ್ಬಳ್ಳಿ ಬಳಿಯ ತಾರಿಹಾಳದಲ್ಲಿ ತಯಾರಾಗುವ ಖಾದಿ ಪೇಪರ್ಸ್ ಹಾಳೆಗಳು ಹೊರದೇಶಕ್ಕೂ ಹೋಗುತ್ತವೆ. ಆದರೆ ಅದರಲ್ಲಿ ಒರಟು ಮೇಲ್ಮೈಯ ಹಾಳೆ ತಂದರೆ ಫೈನ್‌ಲೈನರ್ ತುದಿ ಬೇಗ ಸವೆಯುತ್ತದೆ.

ದುಡ್ಡು ಉಳಿಸಬೇಕೆಂದರೆ ಪುಸ್ತಕ ನೀವೇ ಹೊಲಿಯಿರಿ. ಇಲ್ಲಿ ಎಲ್ಲರೂ ಎಡವುವುದು ನಾರಿನ ದಿಕ್ಕಿನಲ್ಲಿ. ಯಂತ್ರದ ಹಾಳೆಯಲ್ಲಿ ನಾರು ಒಂದೇ ದಿಕ್ಕಿಗೆ ಮಲಗಿರುತ್ತದೆ, ಅದು ಬೆನ್ನಿಗೆ ಸಮಾಂತರವಾಗಿರಬೇಕು. ಇಲ್ಲದಿದ್ದರೆ ಮಡಿಕೆ ಬಿರುಕು ಬಿಡುತ್ತದೆ, ಪುಟ ಸಲೀಸಾಗಿ ಮಲಗುವುದಿಲ್ಲ. ಗೊತ್ತುಮಾಡಿಕೊಳ್ಳಲು ಎರಡು ಇಂಚಿನ ಚೌಕದ ತುಂಡು ಕತ್ತರಿಸಿ, ಒಂದು ಮೈ ಮಾತ್ರ ಒದ್ದೆ ಮಾಡಿ. ಅದು ಸುರುಳಿಯಾಗುತ್ತದೆ. ಸುರುಳಿಯ ಕೊಳವೆ ಯಾವ ಕಡೆಗೆ ಉದ್ದವೋ ನಾರು ಆ ಕಡೆಗೆ. (ಕತ್ತರಿಸುವ ಮೊದಲು ತುಂಡಿನ ಮೇಲೆ ಹಾಳೆಯ ಉದ್ದದ ದಿಕ್ಕಿಗೆ ಬಾಣದ ಗುರುತು ಹಾಕಿ, ಇಲ್ಲದಿದ್ದರೆ ಯಾವ ಬದಿ ಯಾವುದೆಂದೇ ತಿಳಿಯದು.)

ಅಂಗಡಿಯ ಎ4 ಹಾಳೆಗಳಲ್ಲಿ ನಾರು ಬಹುಮಟ್ಟಿಗೆ ಉದ್ದಕ್ಕೇ ಇರುತ್ತದೆ, ಮಡಚಿ ಎ5 ಮಾಡಿದರೆ ಅಡ್ಡವಾಗುತ್ತದೆ. ನಾರು ಉದ್ದಕ್ಕಿರುವ ಎ3 ತಂದು ಎರಡು ಎ4 ಆಗಿ ಕತ್ತರಿಸಿ ಮಡಚಿದರೆ ಸರಿಬರುತ್ತದೆ. 200 ಜಿಎಸ್‌ಎಂನ ನಾಲ್ಕು ಹಾಳೆ ಒಂದರೊಳಗೊಂದು ಇಟ್ಟರೆ 16 ಪುಟ. ಮಡಿಕೆಯ ಮೇಲೆ ಮೂರು ತೂತು: ನಡುವೆ ಒಂದು, ಎರಡೂ ತುದಿಯಿಂದ 25 ಮಿ.ಮೀ ಒಳಗೆ ಒಂದೊಂದು. 55 ಸೆಂ.ಮೀ ಗಟ್ಟಿ ದಾರ ತೆಗೆದುಕೊಳ್ಳಿ. ಒಳಗಿನಿಂದ ನಡುತೂತಿನಲ್ಲಿ ಹೊರಕ್ಕೆ, ಮೇಲಿನ ತೂತಿನಿಂದ ಒಳಕ್ಕೆ, ನಡುವನ್ನು ಬಿಟ್ಟು ಕೆಳಗಿನ ತೂತಿನಿಂದ ಹೊರಕ್ಕೆ, ಮತ್ತೆ ನಡುತೂತಿನಿಂದ ಒಳಕ್ಕೆ. ಎರಡು ತುದಿಗಳು ಉದ್ದನೆಯ ಹೊಲಿಗೆಯ ಆಚೆ ಒಂದು, ಈಚೆ ಒಂದು ಬರುವಂತೆ ನೋಡಿಕೊಂಡು ಗಂಟು ಹಾಕಿ. ದಾರವನ್ನು ಮಡಿಕೆಯ ನೇರಕ್ಕೆ ಎಳೆಯಬೇಕು, ಲಂಬವಾಗಿ ಜಗ್ಗಿದರೆ ತೂತು ಹರಿಯುತ್ತದೆ.

ಚುಕ್ಕಿ_ಗೆರೆ

ರಂಗೋಲಿ ಚಪ್ಪಟೆ ಆಗೋದು ಕೈತಪ್ಪಿನಿಂದಲ್ಲ ಸರ್, ಲೆಕ್ಕದ್ದು. 7ರಿಂದ 4 ಅಂದ್ರೆ 4, 5, 6, 7, 6, 5, 4, ಒಟ್ಟು 37 ಚುಕ್ಕಿ, ಆರು ಮೂಲೆ. ಮೂಲೆಗಳು ಸರಿ ಬರಬೇಕಾದ್ರೆ ಸಾಲಿಂದ ಸಾಲಿಗೆ ಅಂತರ, ಚುಕ್ಕಿಯಿಂದ ಚುಕ್ಕಿಗಿರೋ ಅಂತರದ 0.866 ಪಾಲು ಇರಬೇಕು. ನಿಮ್ಮ ನೋಟ್‌ಬುಕ್ಕಿನಲ್ಲಿ ಚುಕ್ಕಿಗಳು ಚೌಕವಾಗಿ 5 ಮಿ.ಮೀಗೆ ಒಂದು ಇರುತ್ತೆ. ಒಂದು ಬಿಟ್ಟು ಒಂದು ಚುಕ್ಕಿ ಹಿಡಿದು ಪಕ್ಕದ ಸಾಲಿಗೇ ಹೋದ್ರೆ ಅಗಲ 60, ಎತ್ತರ 30 ಮಿ.ಮೀ. ಚಪ್ಪಟೆ ಆಗದೆ ಇನ್ನೇನು?

1 ಮಿ.ಮೀ ಗ್ರಾಫ್ ಹಾಳೆ ತಗೊಳ್ಳಿ. ಚುಕ್ಕಿಗಳ ಮಧ್ಯೆ 8 ಮಿ.ಮೀ, ಸಾಲುಗಳ ಮಧ್ಯೆ 7, ಮುಂದಿನ ಸಾಲಿಗೆ 4 ಸರಿಸಿ. ಅಗಲ 48, ಎತ್ತರ 42 ಬರುತ್ತೆ, ಕಣ್ಣಿಗೆ ಯಾವ ಓರೆಯೂ ಕಾಣಲ್ಲ. 37 ಕಡೆ ಗುಂಡುಸೂಜಿಯಿಂದ ಚುಚ್ಚಿ ಇಟ್ಕೊಳ್ಳಿ. ಪುಟದ ಮೇಲಿಟ್ಟು ಚೂಪು ಪೆನ್ಸಿಲ್ ತುದಿ ಊರಿದ್ರೆ ಆಯ್ತು, ಪ್ರತಿ ಸಲ ಅಳೆಯೋ ಗೋಳಿಲ್ಲ. ಎಳೆ ಸುತ್ತುವಾಗ ಗೆರೆ ಎರಡು ಚುಕ್ಕಿಗಳ ನಟ್ಟನಡುವೆ ಹೋಗಲಿ, ಮಣಿಕಟ್ಟು ತಿರುಗಿಸೋ ಬದಲು ಪುಸ್ತಕ ತಿರುಗಿಸಿ. ರಬ್ಬರ್ ಉಜ್ಜೋದು ಮಸಿ ಪೂರ್ತಿ ಆರಿದ ಮೇಲೆ, ಹಗುರವಾಗಿ. ಪಿಗ್ಮೆಂಟ್ ಗೆರೆಯೂ ರಬ್ಬರಿಗೆ ಸ್ವಲ್ಪ ಮಸುಕಾಗುತ್ತೆ.

ಗೀಚುಗಾರ

ಧನ್ಯವಾದ ಎಲ್ಲರಿಗೂ. ಈಗಾಗಲೇ ಉಬ್ಬಿರೋ ಪುಟಗಳನ್ನ ಹಿಂಬದಿಯಿಂದ ನೀರು ಚಿಮುಕಿಸಿ ಇಸ್ತ್ರಿ ಮಾಡಿದ್ರೆ?

ಹಾಳೆಹುಳು

ಬೇಡ. ನಿಮ್ಮದು ಕರಗುವ ಮಸಿ, ನೀರು ತಾಗಿದರೆ ಎದುರಿನ ಪುಟಕ್ಕೂ ಅಚ್ಚಾಗುತ್ತದೆ. ಪುಟಗಳ ನಡುವೆ ಬಿಳಿ ಹಾಳೆ ಇಟ್ಟು, ಮುಚ್ಚಿ, ಮೇಲೆ ನಾಲ್ಕೈದು ಕಿಲೋ ಭಾರ ಹೇರಿ ಎರಡು ದಿನ ಬಿಡಿ. ಪೂರ್ತಿ ಹೋಗುವುದಿಲ್ಲ, ತಗ್ಗುತ್ತದೆ. ಉಳಿದ ಖಾಲಿ ಪುಟಗಳಿಗೆ ಬಾಲ್‌ಪೆನ್ ಮತ್ತು ಬಣ್ಣದ ಪೆನ್ಸಿಲ್ ಬಳಸಿ, ಆ ಹಾಳೆಗೆ ಅವೆರಡೂ ಚೆನ್ನಾಗಿ ಹಿಡಿಯುತ್ತವೆ.